ನಿಷ್ಕಾಮಕರ್ಮಮಠದ ಗೃಹಸ್ಥ: ಮಹರ್ಷಿ ಧೋಂಡೋ ಕೇಶವ ಕರ್ವೆ

ಮಠವೆಂಬ ಶಬ್ದವು ಕಿವಿಗೆ ಬಿದ್ದೊಡನೆ ನಾಡಿನ ಜನರ ಕಣ್ಣಿಗೆ ಕಟ್ಟುವುದು ಗುರುಪೀಠ, ಗದ್ದುಗೆ, ದಾಸೋಹದ ಪಂಕ್ತಿ, ವಿದ್ಯಾರ್ಥಿಗಳ ಪಾಠಶಾಲೆ. ಆದರೆ ಕ್ರಿ. ಶ. ೧೯೦೮ರಲ್ಲಿ ಪುಣೆಯ ಸಮೀಪದಲ್ಲಿ ಪೀಠವೂ ಕಾವಿಯೂ ಇಲ್ಲದ ಒಂದು ಮಠವು ಸ್ಥಾಪಿತವಾಯಿತು. ಅದರ ಹೆಸರು ನಿಷ್ಕಾಮಕರ್ಮಮಠ. ಅದರ ಸಂಸ್ಥಾಪಕರು ಸಂನ್ಯಾಸಿಗಳಲ್ಲ. ಹೆಂಡತಿ ಮಕ್ಕಳೊಡನೆ ಸಂಸಾರ ನಡೆಸುತ್ತ, ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಒಬ್ಬ ಗೃಹಸ್ಥರು. ಅವರೇ ಧೋಂಡೋ ಕೇಶವ ಕರ್ವೆಯವರು. ಜನರು ಪ್ರೀತಿಯಿಂದ ಅವರನ್ನು ಅಣ್ಣಾ ಕರ್ವೆಯೆಂದೂ, ಮುಂದೆ ಮಹರ್ಷಿಯೆಂದೂ ಕರೆದರು. ಇದೇ ಮಹನೀಯರು ತಮ್ಮ ಎಪ್ಪತ್ತೊಂದನೆಯ ವರ್ಷದಲ್ಲಿ, ಇತರರು ಮನೆಯ ಜಗಲಿಯ ಮೇಲೆ ವಿಶ್ರಮಿಸುವ ವಯಸ್ಸಿನಲ್ಲಿ, ಹಡಗನ್ನೇರಿ ಯುರೋಪು, ಅಮೇರಿಕಾ, ಜಪಾನು ದೇಶಗಳನ್ನು ಸುತ್ತಿ ಬಂದರು. ಬಂದ ವರ್ಷವೇ ಮತ್ತೆ ಆಫ್ರಿಕಾ ಖಂಡಕ್ಕೆ ಹೊರಟರು. ಈ ದೇಶಾಟನವು ಸ್ವಂತದ ಕೀರ್ತಿಗಾಗಿಯೂ ಅಲ್ಲ, ವಿನೋದಕ್ಕಾಗಿಯೂ ಅಲ್ಲ. ಅದು ಯಾರ ಸಲುವಾಗಿ ನಡೆಯಿತು, ಅದರ ಬೀಜವು ಎಲ್ಲಿ ಬಿದ್ದಿತ್ತು ಎಂಬುದನ್ನು ತಿಳಿಯಬೇಕಾದರೆ ಅವರ ಜೀವನವನ್ನು ಮೊದಲಿನಿಂದ ನೋಡಬೇಕು.

ಜನನ ಮತ್ತು ವಿದ್ಯಾಭ್ಯಾಸ

ಕರ್ವೆಯವರು ೧೮೫೮ನೆಯ ಏಪ್ರಿಲ್ ೧೮ರಂದು ಕೊಂಕಣದ ರತ್ನಾಗಿರಿ ಜಿಲ್ಲೆಯ ಶೇರವಲಿ ಎಂಬ ಗ್ರಾಮದಲ್ಲಿ ಬಡ ಚಿತ್ಪಾವನ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಅವರ ಊರು ಸಮುದ್ರತೀರದ ಮುರುಡ. ಹದಿನೇಳು ವರ್ಷದ ಹುಡುಗನಾಗಿದ್ದಾಗ ಒಂದು ಸರಕಾರಿ ಪರೀಕ್ಷೆಗೆ ಕುಳ್ಳಿರಬೇಕೆಂದು ಅವರು ಸಂಗಡಿಗರೊಡನೆ ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿಳಿದು, ನೂರು ಮೈಲಿಗೂ ಮಿಗಿಲಾದ ದಾರಿಯನ್ನು ಕಾಲ್ನಡಿಗೆಯಿಂದ ಕ್ರಮಿಸಿ ಸಾತಾರೆಯನ್ನು ಮುಟ್ಟಿದರು. ಹುಡುಗನು ಗಿಡ್ಡನಾಗಿಯೂ ತೀರ ಚಿಕ್ಕವನಾಗಿಯೂ ಕಂಡನೆಂಬ ಕಾರಣದಿಂದ ಪರೀಕ್ಷಾಧಿಕಾರಿಗಳು ಅವನನ್ನು ಒಳಗೆ ಬಿಡಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಬರಿಗೈಯಿಂದ ಹಿಂದಿರುಗಬೇಕಾಯಿತು. ಆ ಹುಡುಗನು ನಿರಾಶನಾಗಲಿಲ್ಲ. ಮುಂದೆ ಕೊಲ್ಲಾಪುರದಲ್ಲಿ ಅದೇ ಪರೀಕ್ಷೆಯನ್ನು ಕೊಟ್ಟು ಉತ್ತೀರ್ಣನಾದನು. ನಡೆಯುವುದಕ್ಕೆ ಬೇಸರಿಸದ ಈ ಕಾಲುಗಳೂ, ಇಲ್ಲವೆನ್ನಿಸಿಕೊಂಡು ಮತ್ತೆ ಕೇಳಲು ನಾಚದ ಈ ಮನಸ್ಸೂ ಅವರ ಜೀವನದ ಕೊನೆಯವರೆಗಿನ ಆಸ್ತಿಯಾದವು.

೧೮೮೧ರಲ್ಲಿ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜನ್ನು ಸೇರಿ, ೧೮೮೪ರಲ್ಲಿ ಗಣಿತ ವಿಷಯದಲ್ಲಿ ಬಿ. ಎ. ಪದವಿಯನ್ನು ಸಂಪಾದಿಸಿದರು. ಬಳಿಕ ಮುಂಬಯಿಯಲ್ಲಿ ಹುಡುಗಿಯರ ಶಾಲೆಗಳಲ್ಲಿ ಪಾಠ ಹೇಳುತ್ತ ಕಾಲ ಕಳೆದರು. ೧೮೯೧ರಲ್ಲಿ ಗೋಪಾಲಕೃಷ್ಣ ಗೋಖಲೆಯವರ ಆಹ್ವಾನದ ಮೇರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಲೋಕಮಾನ್ಯ ಟಿಳಕರು ಬಿಟ್ಟುಹೋಗಿದ್ದ ಗಣಿತಾಧ್ಯಾಪಕರ ಸ್ಥಾನಕ್ಕೆ ಬಂದರು. ಆ ಸಂಸ್ಥೆಯ ಆಜೀವ ಸದಸ್ಯರು ತಿಂಗಳಿಗೆ ೭೫ ರೂಪಾಯಿಗಳ ವೇತನದಲ್ಲಿ ತೃಪ್ತಿ ಪಡುವ ಪ್ರತಿಜ್ಞೆಯನ್ನು ಮಾಡಿದ್ದರು. ೧೯೧೪ರಲ್ಲಿ ನಿವೃತ್ತರಾಗುವವರೆಗೂ ಕರ್ವೆಯವರು ಅಲ್ಲಿಯೇ ಬೋಧಿಸಿದರು. ಅವರ ಆಶ್ರಯದಲ್ಲಿ ಓದಿದ ಬಂಧುಪುತ್ರ ರಘುನಾಥ ಪುರುಷೋತ್ತಮ ಪರಾಂಜಪೆಯವರು ೧೮೯೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಪಡೆದು ಸೀನಿಯರ್ ರ‍್ಯಾಂಗ್ಲರ್ ಎನ್ನಿಸಿಕೊಂಡರು. ಗುರುವಿಗೆ ಇದಕ್ಕಿಂತ ದೊಡ್ಡ ದಕ್ಷಿಣೆ ಬೇರೊಂದಿಲ್ಲ.

ವಿಧವಾವಿವಾಹ ಮತ್ತು ಬಹಿಷ್ಕಾರ

ಪುಣೆಗೆ ಬಂದ ೧೮೯೧ನೆಯ ವರ್ಷದಲ್ಲಿಯೇ ಅವರ ಪತ್ನಿ ರಾಧಾಬಾಯಿಯವರು ತೀರಿಕೊಂಡರು. ಮೂವತ್ತು ದಾಟಿದ ವಿಧುರನಿಗೆ ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ಕೊಟ್ಟು ಮದುವೆ ಮಾಡುವುದು ಆಗಿನ ರೂಢಿ. ಅದೇ ಸಮಾಜದಲ್ಲಿ ಎಂಟು ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಹುಡುಗಿಗೆ ಆಜನ್ಮ ವೈಧವ್ಯ. ತಲೆ ಬೋಳು, ಒಪ್ಪೊತ್ತಿನ ಊಟ, ಮನೆಯ ಮೂಲೆ. ಮರುಮದುವೆಯಾಗುವುದಾದರೆ ವಿಧವೆಯನ್ನೇ ಕೈಹಿಡಿಯುವೆನೆಂದು ಕರ್ವೆಯವರು ನಿಶ್ಚಯಿಸಿದರು. ಅವರ ಮಿತ್ರರಾದ ನರಹರಪಂತ ಜೋಶಿಯವರ ತಂಗಿ ಗೋದೂಬಾಯಿಯು ಎಳೆವಯಸ್ಸಿನಲ್ಲಿಯೇ ವಿಧವೆಯಾಗಿ, ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ವಿದ್ಯೆ ಕಲಿಯುತ್ತಿದ್ದರು. ೧೮೯೩ನೆಯ ಮಾರ್ಚ್ ೧೧ರಂದು ಪುಣೆಯಲ್ಲಿ ಅವರ ವಿವಾಹವು ನೆರವೇರಿತು. ವಧುವಿಗೆ ಆನಂದೀಬಾಯಿಯೆಂದು ಹೆಸರಿಟ್ಟರು.

ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ರಮಾಬಾಯಿಯವರು ಕರ್ನಾಟಕದ ಮಲೆನಾಡಿನ ಗಂಗಾಮೂಲದಲ್ಲಿ ಹುಟ್ಟಿದವರು. ೧೮೮೩ರಲ್ಲಿ ಇಂಗ್ಲಂಡಕ್ಕೂ ೧೮೮೬ರಲ್ಲಿ ಅಮೇರಿಕಾಕ್ಕೂ ಹೋಗಿ, ಅಲ್ಲಿಯ ಜನರೆದುರಿಗೆ ಹಿಂದೂ ವಿಧವೆಯರ ಸ್ಥಿತಿಯನ್ನು ಬಣ್ಣಿಸಿ, ದ್ರವ್ಯಸಹಾಯವನ್ನು ದೊರಕಿಸಿಕೊಂಡು ಬಂದು ೧೮೮೯ರಲ್ಲಿ ಶಾರದಾ ಸದನವನ್ನು ತೆರೆದಿದ್ದರು. ಹಾಗಾದರೆ ಕರ್ವೆಯವರ ಮನೆಯನ್ನು ಬೆಳಗಿದ ಅಕ್ಷರದೀಪಕ್ಕೆ ಎಣ್ಣೆಯು ಒಬ್ಬ ಹೆಣ್ಣುಮಗಳ ಸಮುದ್ರಯಾನದಿಂದ ಬಂದುದೆಂದು ಹೇಳಬೇಕು. ಆ ಯಾನವನ್ನು ಆಗಿನ ಕರ್ಮಠರು ಕಲಿವರ್ಜ್ಯವೆಂದು ಹಳಿಯುತ್ತಿದ್ದರು.

ನವದಂಪತಿಗಳು ಮುರುಡಕ್ಕೆ ಹೋದಾಗ ಊರವರು ಸಭೆ ಸೇರಿ ಅವರಿಗೆ ಬಹಿಷ್ಕಾರವನ್ನು ಹಾಕಿದರು. ಕರ್ವೆಯವರು ಬಂದ ಮನೆಗೂ ಅದೇ ಶಿಕ್ಷೆಯೆಂದು ನಿರ್ಣಯವಾಯಿತು. ಹೆತ್ತ ತಾಯಿಯೂ ಮಗನನ್ನು ಮನೆಗೆ ಕರೆಯುವಂತಿರಲಿಲ್ಲ. ಈ ಊರಿನ ಹಿತಕ್ಕಾಗಿಯೇ ಅವರು ಹಿಂದೆ ನಿಧಿಯೊಂದನ್ನು ಕೂಡಿಸಿದ್ದರು! ಕರ್ವೆಯವರು ಊರನ್ನು ಬಯ್ಯಲಿಲ್ಲ. ೧೮೯೩ನೆಯ ಡಿಸೆಂಬರಿನಲ್ಲಿ ವಿಧವಾವಿವಾಹಕ್ಕೆ ಪ್ರೋತ್ಸಾಹ ಕೊಡುವ ಮಂಡಳಿಯನ್ನು ಏರ್ಪಡಿಸಿದರು. ಆದರೆ ವರ್ಷಕ್ಕೆ ಎಲ್ಲಿಯೋ ಒಂದೆರಡು ಮದುವೆಗಳಾಗುವುದರಿಂದ ಸಾವಿರಾರು ವಿಧವೆಯರ ಕಣ್ಣೀರು ಆರದೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಹೆಣ್ಣು ತನ್ನ ಕಾಲ ಮೇಲೆ ತಾನು ನಿಲ್ಲಬೇಕಾದರೆ ಅವಳಿಗೆ ಮೊದಲು ವಿದ್ಯೆ ಬೇಕು.

ಹಿಂಗಣೆಯ ಗುಡಿಸಲು

೧೮೯೬ನೆಯ ಜೂನ್ ೧೪ರಂದು ಅನಾಥಬಾಲಿಕಾಶ್ರಮ ಮಂಡಳಿಯು ಹುಟ್ಟಿತು. ವಿದ್ವದ್ವರ್ಯ ರಾಮಕೃಷ್ಣ ಗೋಪಾಲ ಭಾಂಡಾರಕರರು ಅದರ ಅಧ್ಯಕ್ಷರಾದರು. ಪುಣೆಯಲ್ಲಿ ಪ್ಲೇಗಿನ ಹಾವಳಿಯು ಹೆಚ್ಚಿದುದರಿಂದಲೂ, ಊರಿನ ಕುಹಕದಿಂದ ದೂರವಿರುವುದು ಒಳ್ಳೆಯದೆಂತಲೂ, ೧೯೦೦ರಲ್ಲಿ ಆಶ್ರಮವು ಹಿಂಗಣೆಯೆಂಬ ಹಳ್ಳಿಗೆ ಸಾಗಿತು. ರಾವಬಹಾದ್ದೂರ ಗಣೇಶ ಗೋವಿಂದ ಗೋಖಲೆಯವರು ೬ ಎಕರೆ ಭೂಮಿಯನ್ನೂ ೭೫೦ ರೂಪಾಯಿಗಳನ್ನೂ ದಾನವಾಗಿ ಕೊಟ್ಟಿದ್ದರು. ಅಲ್ಲಿ ಎದ್ದು ನಿಂತದ್ದು ಒಂದು ಗುಡಿಸಲು. ಅದರಲ್ಲಿ ಬೆರಳೆಣಿಕೆಯ ವಿಧವೆಯರು.

ಕಾಲೇಜಿನ ಪಾಠ ಮುಗಿದ ಬಳಿಕ ಕರ್ವೆಯವರು ದಿನಸಿಯ ಗಂಟನ್ನು ಹೊತ್ತುಕೊಂಡು ಸುಮಾರು ನಾಲ್ಕು ಮೈಲು ನಡೆದು ಹಿಂಗಣೆಗೆ ಹೋಗುವರು. ವಿಧವೆಯರಿಗೆ ಪಾಠ ಹೇಳುವರು. ಮರುದಿನ ಮತ್ತೆ ನಡೆದು ಕಾಲೇಜಿಗೆ ಬರುವರು. ಮಳೆಗಾಲದಲ್ಲಿ ಆ ದಾರಿಯು ಬರೀ ಕೆಸರು. ಹೀಗೆ ಅವರು ವರ್ಷಗಟ್ಟಲೆ ನಡೆದರು. ಮುಂದೆ ಅವರು ಹಡಗಿನಲ್ಲಿ ಕ್ರಮಿಸಿದ ಸಾವಿರಾರು ಮೈಲುಗಳನ್ನು ಜನರು ಹೊಗಳಿದರು. ಆದರೆ ಆಶ್ರಮವನ್ನು ಬದುಕಿಸಿದವು ಈ ಕೆಸರಿನ ನಾಲ್ಕು ಮೈಲುಗಳು.

ಒಂದು ಕಠಿಣವಾದ ಮಾತನ್ನೂ ಇಲ್ಲಿ ಹೇಳಲೇಬೇಕು. ಆಶ್ರಮದಲ್ಲಿ ವಿಧವೆಯರಿಗೆ ಮದುವೆ ಮಾಡಿಸುವರೆಂಬ ಶಂಕೆ ಹುಟ್ಟಿದರೆ ಯಾವ ತಂದೆತಾಯಿಗಳೂ ಮಗಳನ್ನು ಕಳಿಸಲಾರರು. ಆದುದರಿಂದ ಕರ್ವೆಯವರು ಶಿಕ್ಷಣದ ಕಾರ್ಯವನ್ನು ವಿವಾಹದ ಕಾರ್ಯದಿಂದ ಬೇರ್ಪಡಿಸಿದರು. ಪುನರ್ವಿವಾಹಿತೆಯಾದ ಆನಂದೀಬಾಯಿಯವರು ಇದರಿಂದಾಗಿ ಬಹುಕಾಲ ಆಶ್ರಮದಿಂದ ದೂರವೇ ಇರಬೇಕಾಯಿತು. ಪತಿಯು ತನ್ನ ಉಳಿತಾಯದ ಹಣವನ್ನೂ ವಿಮಾಪತ್ರವನ್ನೂ ಆಶ್ರಮಕ್ಕೆ ಬರೆದುಕೊಟ್ಟಾಗ, ಮಕ್ಕಳ ಗತಿಯೇನೆಂದು ಅವರು ಕೇಳಿದುದು ಅನ್ಯಾಯವಾಗಿರಲಿಲ್ಲ. ಆ ತಾಯಿಯು ನಾಗಪುರಕ್ಕೆ ಹೋಗಿ ಶುಶ್ರೂಷೆಯ ಶಿಕ್ಷಣವನ್ನು ಪಡೆದು, ಸಂಸಾರದ ಭಾರಕ್ಕೆ ಹೆಗಲು ಕೊಟ್ಟರು. ‘ಮಾಝೆ ಪುರಾಣ’ ಎಂಬ ತಮ್ಮ ಆತ್ಮಚರಿತ್ರೆಯಲ್ಲಿ ಅವರು ತಮ್ಮ ಕಷ್ಟಸುಖಗಳನ್ನು ಮುಚ್ಚುಮರೆಯಿಲ್ಲದೆ ಬರೆದಿರುವರು. ತ್ಯಾಗಿಯ ಕೀರ್ತಿಯನ್ನು ಹಾಡುವವರು ಆ ತ್ಯಾಗದ ಪಾಲುಗಾರರನ್ನು ಮರೆಯಬಾರದು.

ಮಠದ ಸ್ಥಾಪನೆ

ಆಶ್ರಮವು ಬೆಳೆದಂತೆ ಕಾರ್ಯಕರ್ತರ ಕೊರತೆಯು ತಲೆದೋರಿತು. ಒಬ್ಬನ ದೇಹಶಕ್ತಿಯ ಮೇಲೆ ನಿಂತ ಸಂಸ್ಥೆಯು ಅವನೊಡನೆಯೇ ಬೀಳುವುದು. ೧೯೦೭ರಲ್ಲಿ ಕುಮಾರಿಯರಿಗಾಗಿ ಮಹಿಳಾ ವಿದ್ಯಾಲಯವನ್ನು ತೆರೆದ ಕರ್ವೆಯವರು ಮರುವರ್ಷವೇ ನಿಷ್ಕಾಮಕರ್ಮಮಠದ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದರು. ಇದನ್ನು ಸೇರುವವರು ತಮ್ಮ ಆಯುಷ್ಯವನ್ನು ಸಂಸ್ಥೆಯ ಸೇವೆಗೆ ಮೀಸಲಿಡಬೇಕು. ಸ್ವಂತದ ಲಾಭವನ್ನು ಎಣಿಸಬಾರದು. ಮಠವು ಕೊಟ್ಟುದರಲ್ಲಿ ಸಂತುಷ್ಟರಾಗಿರಬೇಕು. ಸಹೋದ್ಯೋಗಿಗಳೊಡನೆ ಕಲಹವಿಲ್ಲದೆ ನಡೆದುಕೊಳ್ಳಬೇಕು. ಗೃಹಸ್ಥರಿಗೂ ಸ್ತ್ರೀಯರಿಗೂ ಇದರಲ್ಲಿ ಸ್ಥಾನವಿದ್ದಿತು. ಸಂಸಾರವನ್ನು ಬಿಡುವುದಲ್ಲ, ಸಂಸಾರದ ಲೋಭವನ್ನು ಬಿಡುವುದು ಇಲ್ಲಿಯ ದೀಕ್ಷೆಯಾಗಿತ್ತು. ೧೯೧೫ರಲ್ಲಿ ಆಶ್ರಮ, ವಿದ್ಯಾಲಯ, ಮಠ ಈ ಮೂರೂ ಒಂದೇ ಆಡಳಿತದಲ್ಲಿ ಕೂಡಿಕೊಂಡವು. ಮಠದ ಹೆಸರು ಹಿಂದೆ ಸರಿಯಿತು. ಅದು ಸಿದ್ಧಪಡಿಸಿದ ಜನರು ಕೆಲಸದಲ್ಲಿ ಉಳಿದರು.

ಅಂಥವರಲ್ಲಿ ಪಾರ್ವತೀಬಾಯಿ ಆಠವಲೆಯವರ ಹೆಸರನ್ನು ಹೇಳದಿದ್ದರೆ ಈ ಚರಿತ್ರೆಯು ಅಪೂರ್ಣವಾಗುವುದು. ಇವರು ಆನಂದೀಬಾಯಿಯವರ ಸಹೋದರಿ. ಎಳೆಯ ಪ್ರಾಯದಲ್ಲಿ ವಿಧವೆಯಾಗಿ ಆಶ್ರಮವನ್ನು ಸೇರಿ, ಊರೂರು ತಿರುಗಿ ವರ್ಗಣಿ ಕೂಡಿಸುತ್ತಿದ್ದರು. ೧೯೧೮ರಲ್ಲಿ, ನಾಲ್ವತ್ತು ದಾಟಿದ ವಯಸ್ಸಿನಲ್ಲಿ, ಇಂಗ್ಲಿಷ್ ಭಾಷೆಯು ಸರಿಯಾಗಿ ಬಾರದಿದ್ದರೂ ಒಬ್ಬಂಟಿಗರಾಗಿ ಅಮೇರಿಕಾಕ್ಕೆ ಹೊರಟರು. ಅಲ್ಲಿ ಪರರ ಮನೆಗಳಲ್ಲಿ ಪಾತ್ರೆ ತೊಳೆದು, ಮನೆಗೆಲಸ ಮಾಡಿ ಹೊಟ್ಟೆ ಹೊರೆದುಕೊಂಡು, ಭಾಷೆಯನ್ನು ಕಲಿತು, ಆಶ್ರಮಕ್ಕಾಗಿ ಸಹಾಯವನ್ನು ಯಾಚಿಸಿ, ೧೯೨೦ರಲ್ಲಿ ತಿರುಗಿ ಬಂದರು. ಕರ್ವೆಯವರು ಸಮುದ್ರವನ್ನು ದಾಟುವುದಕ್ಕೆ ಹತ್ತು ವರ್ಷ ಮೊದಲೇ ಅವರ ಆಶ್ರಮದ ಕೋರಿಕೆಯನ್ನು ಹೊತ್ತು ಒಬ್ಬ ವಿಧವೆಯು ಸಮುದ್ರವನ್ನು ದಾಟಿದ್ದಳು.

ಜಪಾನಿನಿಂದ ಬಂದ ಬೆಳಕು

ಜಪಾನಿನ ರಾಜಧಾನಿಯಾದ ಟೋಕಿಯೋ ನಗರದಲ್ಲಿ ೧೯೦೧ರಲ್ಲಿ ಜಿಂಜೋ ನಾರುಸೆ ಎಂಬ ಶಿಕ್ಷಣವೇತ್ತರು ಸ್ತ್ರೀಯರಿಗಾಗಿಯೇ ಒಂದು ಉಚ್ಚ ವಿದ್ಯಾಲಯವನ್ನು ಸ್ಥಾಪಿಸಿದ್ದರು. ಅದರ ವೃತ್ತಾಂತವುಳ್ಳ ಒಂದು ಚಿಕ್ಕ ಪುಸ್ತಿಕೆಯು ಕರ್ವೆಯವರ ಕೈಸೇರಿತ್ತು. ೧೯೧೫ನೆಯ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಬೇಕಾಗಿ ಬಂದಾಗ ಭಾಷಣದ ಸಿದ್ಧತೆಯಲ್ಲಿ ಅವರು ಆ ಪುಸ್ತಿಕೆಯನ್ನು ಓದಿದರು. ಜಪಾನಿನಲ್ಲಿ ಆದುದು ಹಿಂದುಸ್ಥಾನದಲ್ಲಿ ಏಕಾಗಬಾರದೆಂಬ ಪ್ರಶ್ನೆಯನ್ನು ಪರಿಷತ್ತಿನ ಮುಂದಿಟ್ಟರು. ಆರು ತಿಂಗಳಲ್ಲಿಯೇ, ೧೯೧೬ರಲ್ಲಿ, ಭಾರತೀಯ ಮಹಿಳಾ ವಿಶ್ವವಿದ್ಯಾಲಯವು ಪ್ರಾರಂಭವಾಯಿತು. ಭಾಂಡಾರಕರರು ಪ್ರಥಮ ಕುಲಪತಿಗಳಾದರು. ಕಾಲೇಜಿನ ಮೊದಲ ತರಗತಿಯಲ್ಲಿ ಇದ್ದ ವಿದ್ಯಾರ್ಥಿನಿಯರು ಐವರು.

ಮಾತೃಭಾಷೆಯಲ್ಲಿಯೇ ಉಚ್ಚಶಿಕ್ಷಣವನ್ನು ಕೊಡುವುದು ಈ ವಿಶ್ವವಿದ್ಯಾಲಯದ ಮುಖ್ಯ ತತ್ತ್ವವಾಗಿತ್ತು. ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಿದರು. ಗೃಹಿಣಿಯರಿಗೆ ಉಪಯುಕ್ತವಾದ ವಿಷಯಗಳಿಗೆ ಪಠ್ಯಕ್ರಮದಲ್ಲಿ ಸ್ಥಳವಿದ್ದಿತು. ಹೆಣ್ಣಿಗೆ ಬೇರೆ ಪಠ್ಯಕ್ರಮವೇಕೆ, ಗಂಡಿಗೆ ಇದ್ದುದೇ ಅವಳಿಗೂ ಇರಲಿ ಎಂದು ಆಕ್ಷೇಪಿಸಿದವರು ಅನೇಕರು. ಆ ಆಕ್ಷೇಪವು ಹುರುಳಿಲ್ಲದ್ದಲ್ಲ. ಆದರೆ ಪರಭಾಷೆಯ ಗೋಡೆಯಿಂದಾಗಿ ಶಾಲೆಯ ಹೊರಗೇ ಉಳಿಯುತ್ತಿದ್ದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಬೇಕೆಂಬುದು ಕರ್ವೆಯವರ ಉದ್ದೇಶವಾಗಿತ್ತು. ಸರಕಾರದ ಮನ್ನಣೆಯಿಲ್ಲದ ಪದವಿಗೆ ನೌಕರಿಯ ಪೇಟೆಯಲ್ಲಿ ಬೆಲೆ ಕಡಿಮೆ. ಆ ಮನ್ನಣೆಯು ಶಾಸನದ ಮೂಲಕ ದೊರೆತುದು ೧೯೪೯ರಲ್ಲಿ. ಮೂವತ್ತಮೂರು ವರ್ಷ ಈ ಸಂಸ್ಥೆಯು ಜನರ ದಾನ ಹಾಗೂ ಕಾರ್ಯಕರ್ತರ ಶ್ರದ್ಧೆಯ ಮೇಲೆಯೇ ನಡೆಯಿತು.

ದಾನದ ಕಥೆಯಲ್ಲಿಯೂ ದೇಶಾಟನದ ಪಾತ್ರವುಂಟು. ಮುಂಬಯಿಯ ಗಿರಣಿಗಳ ಒಡೆಯರಾದ ಸರ್ ವಿಠ್ಠಲದಾಸ ಠಾಕರಸಿಯವರು ಮೈಸೂರಿನ ದಿವಾನರಾಗಿದ್ದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೊಡನೆ ಪ್ರವಾಸ ಮಾಡುತ್ತ ಜಪಾನಿಗೆ ಹೋದಾಗ, ಅಲ್ಲಿಯ ಮಹಿಳಾ ವಿಶ್ವವಿದ್ಯಾಲಯವನ್ನು ಕಣ್ಣಾರೆ ಕಂಡರು. ಕರ್ವೆಯವರು ಪುಸ್ತಿಕೆಯಲ್ಲಿ ಓದಿದುದನ್ನು ಅವರು ಪ್ರತ್ಯಕ್ಷವಾಗಿ ನೋಡಿದರು. ೧೯೨೦ರಲ್ಲಿ ೧೫ ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದರು. ದಾನಿಯ ತಾಯಿಯ ಹೆಸರಿನಿಂದ ಸಂಸ್ಥೆಯು ಶ್ರೀಮತಿ ನಾಥೀಬಾಯಿ ದಾಮೋದರ ಠಾಕರಸಿ ಮಹಿಳಾ ವಿಶ್ವವಿದ್ಯಾಲಯವೆನ್ನಿಸಿಕೊಂಡಿತು. ೧೯೩೬ರಲ್ಲಿ ಅದರ ಕೇಂದ್ರವು ಮುಂಬಯಿಗೆ ಬಂದಿತು.

ಸಮುದ್ರದಾಚೆ

೧೯೨೯ನೆಯ ಮಾರ್ಚಿನಲ್ಲಿ ಕರ್ವೆಯವರು ಇಂಗ್ಲಂಡಕ್ಕೆ ಪ್ರಯಾಣ ಬೆಳೆಸಿದರು. ಮಾಲ್ವರ್ನದಲ್ಲಿ ನಡೆದ ಪ್ರಾಥಮಿಕ ಶಿಕ್ಷಕರ ಸಮ್ಮೇಲನಕ್ಕೆ ಹೋದರು. ಲಂಡನ್ನಿನ ಕ್ಯಾಕ್ಸ್‌ಟನ್ ಸಭಾಗೃಹದಲ್ಲಿ ಹಿಂದುಸ್ಥಾನದ ಸ್ತ್ರೀಶಿಕ್ಷಣವನ್ನು ಕುರಿತು ಮಾತನಾಡಿದರು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಜಿನೀವಾ ನಗರದ ಶಿಕ್ಷಣ ಸಮ್ಮೇಲನದಲ್ಲಿಯೂ, ಡೆನ್ಮಾರ್ಕಿನ ಎಲ್ಸಿನೋರಿನಲ್ಲಿ ನೆರೆದ ನವಶಿಕ್ಷಣವಾದಿಗಳ ಸಭೆಯಲ್ಲಿಯೂ ತಮ್ಮ ವಿಶ್ವವಿದ್ಯಾಲಯದ ಪ್ರಯೋಗವನ್ನು ವಿವರಿಸಿದರು. ಅಲ್ಲಿಂದ ಅಮೇರಿಕಾಕ್ಕೆ ಹೋಗಿ ಹಲವು ತಿಂಗಳು ನಾನಾ ಸ್ಥಳಗಳಲ್ಲಿ ಉಪನ್ಯಾಸ ಮಾಡಿದರು. ಆ ವರ್ಷದ ಅಕ್ಟೋಬರಿನಲ್ಲಿಯೇ ನ್ಯೂಯಾರ್ಕಿನ ಶೇರುಪೇಟೆಯು ಕುಸಿದು ಆ ಶ್ರೀಮಂತ ದೇಶದಲ್ಲಿ ಹಾಹಾಕಾರವೆದ್ದಿತು. ಜೋಳಿಗೆ ಹಿಡಿದು ಹೋದವನಿಗೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಆದರೂ ಮುದುಕರು ಧೃತಿಗೆಡಲಿಲ್ಲ. ಜಪಾನಿಗೆ ಹೋಗಿ, ಹದಿನಾಲ್ಕು ವರ್ಷ ಮೊದಲು ಪುಸ್ತಿಕೆಯಲ್ಲಿ ಓದಿ ಮನಸೋತಿದ್ದ ಟೋಕಿಯೋದ ಆ ವಿಶ್ವವಿದ್ಯಾಲಯವನ್ನು ಸ್ವತಃ ಸಂದರ್ಶಿಸಿದರು. ಶಿಷ್ಯನು ಪುಸ್ತಕದಿಂದ ವಿದ್ಯೆಯನ್ನು ಕಲಿತು, ಅದನ್ನು ಆಚರಿಸಿ, ಕೊನೆಗೆ ಗುರುವಿನ ದರ್ಶನಕ್ಕೆ ಹೋದಂತಾಯಿತು. ೧೯೩೦ನೆಯ ಏಪ್ರಿಲಿನಲ್ಲಿ, ದೇಶದಲ್ಲೆಲ್ಲ ಉಪ್ಪಿನ ಸತ್ಯಾಗ್ರಹವು ಹಬ್ಬಿದ ದಿನಗಳಲ್ಲಿ, ಅವರು ಹಿಂದಿರುಗಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಹಡಗನ್ನೇರಿದರು. ಈ ಸಲ ಹದಿನೈದು ತಿಂಗಳ ಆಫ್ರಿಕಾ ಪ್ರವಾಸ. ಕೆನ್ಯಾ, ಯುಗಾಂಡಾ, ಟಾಂಗಾನಿಕಾ, ಝಾಂಝಿಬಾರ, ಪೋರ್ತುಗೀಜ ಪೂರ್ವ ಆಫ್ರಿಕಾ, ದಕ್ಷಿಣ ಆಫ್ರಿಕಾ, ಇಷ್ಟನ್ನೂ ಸುತ್ತಿದರು. ಮೊಂಬಾಸಾದಿಂದ ಒಳನಾಡಿಗೆ ರೈಲುಹಾದಿಯನ್ನು ಹಾಕಲು ಹಿಂದಿನ ಶತಮಾನದ ಕೊನೆಯಲ್ಲಿ ಸಾವಿರಾರು ಭಾರತೀಯ ಕೂಲಿಗಳನ್ನು ಒಯ್ದಿದ್ದರು. ಅಂಗಡಿಕಾರರು, ಕಾರಕೂನರು, ಕುಶಲಕರ್ಮಿಗಳು ಸಹ ಆ ತೀರದಲ್ಲಿ ನೆಲೆಸಿದ್ದರು. ಇಂಥ ಜನರ ಮನೆಬಾಗಿಲಿಗೆ ಹೋಗಿ, ತಾಯ್ನಾಡಿನ ಹೆಣ್ಣುಮಕ್ಕಳ ವಿದ್ಯೆಗಾಗಿ ಕಾಣಿಕೆಯನ್ನು ಬೇಡಿದರು. ಯುರೋಪಿನ ಸಭೆಗಳಲ್ಲಿ ದೊರೆತುದು ವಿದ್ವಾಂಸರ ಪ್ರಶಂಸೆ. ಆಫ್ರಿಕಾದಲ್ಲಿ ಕೈನೀಡಿದವರು ದುಡಿಯಲು ಹೋಗಿ ದೂರದಲ್ಲಿ ಉಳಿದ ನಮ್ಮವರೇ. ಎರಡನ್ನೂ ಕರ್ವೆಯವರು ಒಂದೇ ವಿನಯದಿಂದ ಸ್ವೀಕರಿಸಿ ಸಂಸ್ಥೆಗೆ ಒಪ್ಪಿಸಿದರು.

ಮರಳಿ ಹಳ್ಳಿಗೆ

ಜಗತ್ತನ್ನು ಸುತ್ತಿದ ಮೇಲೆ ಅನೇಕರು ಸ್ವಗ್ರಾಮವನ್ನು ಹೀನವಾಗಿ ಕಾಣುವರು. ಕರ್ವೆಯವರ ದೃಷ್ಟಿಯು ಪ್ರವಾಸದ ಬಳಿಕ ಇನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ವಿಶ್ವವಿದ್ಯಾಲಯವನ್ನು ಕಟ್ಟಿದವರು ೧೯೩೬ರಲ್ಲಿ, ತಮ್ಮ ೭೮ನೆಯ ವಯಸ್ಸಿನಲ್ಲಿ, ಶಾಲೆಯೇ ಇಲ್ಲದ ಹಳ್ಳಿಗಳಲ್ಲಿ ಅಕ್ಷರ ಕಲಿಸುವುದಕ್ಕಾಗಿ ಮಹಾರಾಷ್ಟ್ರ ಗ್ರಾಮ ಪ್ರಾಥಮಿಕ ಶಿಕ್ಷಣ ಮಂಡಳಿಯನ್ನು ಸ್ಥಾಪಿಸಿ, ತಮ್ಮ ಅಲ್ಪವಾದ ನಿವೃತ್ತಿವೇತನದಿಂದ ಅದಕ್ಕೆ ಸಹಾಯ ಮಾಡಿದರು. ಮನೆಮನೆ ತಿರುಗಿ ಚಿಲ್ಲರೆ ಕಾಸುಗಳನ್ನು ಕೂಡಿಸಿದರು. ೧೯೪೪ರಲ್ಲಿ ಜಾತಿಭೇದವನ್ನೂ ಅಸ್ಪೃಶ್ಯತೆಯನ್ನೂ ತೊಡೆಯುವ ಉದ್ದೇಶದಿಂದ ಸಮತಾ ಸಂಘವನ್ನು ಹುಟ್ಟುಹಾಕಿದರು. ಆಗ ಅವರ ವಯಸ್ಸು ಎಂಬತ್ತಾರಕ್ಕೆ ಸಮೀಪಿಸಿತ್ತು. ವಿಧವೆಯಿಂದ ಕುಮಾರಿಗೆ, ಕುಮಾರಿಯಿಂದ ಹಳ್ಳಿಯ ಮಗುವಿಗೆ, ಮಗುವಿನಿಂದ ಸಮಾಜವು ದೂರವಿಟ್ಟ ಎಲ್ಲರಿಗೆ, ಹೀಗೆ ಅವರ ಅನುಕಂಪದ ಸೀಮೆಯು ವರ್ಷ ವರ್ಷಕ್ಕೆ ಹಿಗ್ಗುತ್ತ ಹೋಯಿತು.

ಗೌರವಗಳು ತಡವಾಗಿ, ಆದರೆ ಸಾಲುಸಾಲಾಗಿ ಬಂದವು. ಕಾಶೀ ಹಿಂದೂ ವಿಶ್ವವಿದ್ಯಾಲಯವು ೧೯೪೨ರಲ್ಲಿ ಅವರಿಗೆ ಡಿ. ಲಿಟ್. ಪದವಿಯನ್ನಿತ್ತಿತು. ೧೯೫೫ರಲ್ಲಿ ಪದ್ಮವಿಭೂಷಣ, ನೂರು ವರ್ಷ ತುಂಬಿದ ೧೯೫೮ರಲ್ಲಿ ಭಾರತರತ್ನ ಪ್ರಶಸ್ತಿಗಳು ಸಂದವು. ಆ ಶತಮಾನೋತ್ಸವವನ್ನು ಕಾಣುವ ಭಾಗ್ಯವು ಆನಂದೀಬಾಯಿಯವರಿಗೆ ಇರಲಿಲ್ಲ. ಅವರು ೧೯೫೦ರಲ್ಲಿಯೇ ತೀರಿಕೊಂಡಿದ್ದರು. ೧೯೬೨ನೆಯ ನವೆಂಬರ್ ೯ರಂದು, ೧೦೪ ವರ್ಷಗಳ ತುಂಬುಬಾಳನ್ನು ಮುಗಿಸಿ ಕರ್ವೆಯವರು ಪುಣೆಯಲ್ಲಿ ದೇಹವಿಟ್ಟರು. ಅವರು ಕೆಸರು ತುಳಿದು ಹೋಗುತ್ತಿದ್ದ ಹಿಂಗಣೆಯು ಇಂದು ಪುಣೆಯೊಳಗೆ ಸೇರಿ ಕರ್ವೇನಗರವೆನ್ನಿಸಿಕೊಂಡಿದೆ. ಐವರಿಂದ ಮೊದಲಾದ ಮಹಿಳಾ ವಿಶ್ವವಿದ್ಯಾಲಯವು ನೂರು ವರ್ಷಗಳನ್ನು ದಾಟಿ ನಡೆಯುತ್ತಿದೆ.

ರಮಾಬಾಯಿಯವರ ಯಾತ್ರೆ, ಪಾರ್ವತೀಬಾಯಿಯವರ ಯಾತ್ರೆ, ಕರ್ವೆಯವರ ಯಾತ್ರೆ ಈ ಮೂರೂ ಒಂದೇ ಕಾರ್ಯದ ಮೂರು ಹೆಜ್ಜೆಗಳು. ಮೂವರೂ ದೂರದೇಶಕ್ಕೆ ಹೊತ್ತೊಯ್ದುದು ಮಾತೆತ್ತಲಾರದವರ ದುಃಖವನ್ನು; ತಂದುದು ಅವರಿಗೆ ವಿದ್ಯೆಯನ್ನು ಕೊಡುವ ಸಾಧನವನ್ನು. ವಿದೇಶಕ್ಕೆ ಹೋಗಿ ಬರುವುದು ಇಂದು ದುರ್ಲಭವಲ್ಲ. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿದ ಮಕ್ಕಳೂ ಇಂದು ಸಪ್ತಸಾಗರಗಳನ್ನು ದಾಟುತ್ತಿರುವರು. ಹೋದವರು ತಮ್ಮ ಊರಿನ ಯಾವ ದುಃಖವನ್ನು ಮನಸ್ಸಿನಲ್ಲಿ ಹೊತ್ತು ಹೋಗುವರು, ತಿರುಗಿ ನೋಡುವಾಗ ಯಾರಿಗಾಗಿ ಏನನ್ನು ತರುವರು ಎಂಬುದನ್ನು ಕರ್ವೆಯವರ ಬಾಳು ಅವರಿಗೆ ಕೇಳುತ್ತದೆ. ಭಕ್ತರೂ ಶಿಷ್ಯರೂ ತಮ್ಮ ಮಕ್ಕಳಿಗೆ ಈ ಪುಣ್ಯಚರಿತ್ರೆಯನ್ನು ತಿಳಿಸಿ ಹೇಳುವುದು ಉಚಿತ.